ಕಲ್ಲಿನ ನಾಡಿನಲ್ಲಿ ಸಾಣೆಕಲ್ಲಿಗೆ ಬರ

ಮಧುಗಿರಿಯ ಬೆಟ್ಟವನ್ನು ಒಮ್ಮೆ ಕಂಡವರು ಅದನ್ನು ಮರೆಯಲಾರರು. ಸಮುದ್ರಮಟ್ಟದಿಂದ 3,900 ಅಡಿಗಳಿಗೂ ಮೀರಿ ನಿಂತಿರುವ ಆ ಒಂಟಿ ಬಂಡೆ ಊರಿಗೆ ಗೋಡೆಯೂ ಹೌದು, ಗಡಿಯಾರವೂ ಹೌದು. ಅದರ ನೆರಳು ಯಾವ ಬೀದಿಗೆ ಬಂದಿತೆಂಬುದನ್ನು ನೋಡಿ ಹೊತ್ತು ಹೇಳುವ ಹಿರಿಯರನ್ನು ನಾನು ಬಲ್ಲೆ. ಅಲ್ಲಿಂದ ದಕ್ಷಿಣಕ್ಕೆ ಬಂದರೆ ಕೊರಟಗೆರೆಯ ಸಿದ್ಧರಬೆಟ್ಟ, ಚನ್ನರಾಯನದುರ್ಗ. ಉತ್ತರಕ್ಕೆ ಹೋದರೆ ಪಾವಗಡದ ಕೋಟೆಬೆಟ್ಟ, ಅದರಾಚೆ ನಿಡಗಲ್ಲು. ಪಶ್ಚಿಮಕ್ಕೆ ಶಿರಾದ ಬಯಲು ಹಾಸಿಕೊಂಡಿದ್ದರೂ ಅಲ್ಲಿಯೂ ನೇಗಿಲಿನ ಕುಳ ಎರಡು ಗೇಣು ಇಳಿಯುವುದರೊಳಗಾಗಿ ಕಲ್ಲಿಗೆ ತಾಗಿ ಕಿರುಗುಟ್ಟುತ್ತದೆ. ಶಿಕ್ಷಣ ಇಲಾಖೆಯು ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟುಗೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆದಿದೆ. ಕಲ್ಲಿನ ಲೆಕ್ಕದಲ್ಲಿಯೂ ಇವನ್ನು ಒಂದು ಕುಟುಂಬವೆನ್ನಲು ಅಡ್ಡಿಯಿಲ್ಲ.

ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದವನು, ಕತ್ತಿ ಮಸೆಯಲು ಒಳ್ಳೆಯ ಕಲ್ಲೊಂದು ಸಿಗುವುದಿಲ್ಲವೆಂದು ದೂರಿದರೆ ಕೇಳಿದವರು ನಕ್ಕಾರು. ಆದರೂ ಮಾತು ನಿಜ. ಬಂಡೆಗೇನೋ ಬರವಿಲ್ಲ, ಸಾಣೆಗೆ ಒದಗುವ ಬಂಡೆಗೆ ಮಾತ್ರ ಬರ. ಇದು ನನಗೆ ಮನದಟ್ಟಾದುದು ಪುಸ್ತಕದಿಂದಲ್ಲ, ನನ್ನದೇ ಒಂದು ಅವಿವೇಕದಿಂದ.

ನಮ್ಮ ಮನೆಯಲ್ಲಿ ತಾತನ ಕಾಲದ ಒಂದು ಮಸೆಗಲ್ಲು ಇದ್ದಿತು. ಗೇಣುದ್ದ, ನಾಲ್ಕು ಬೆರಳಗಲ; ಮಾಸಲು ಹಸುರು ಬಣ್ಣ; ಬೆರಳಾಡಿಸಿದರೆ ರೇಷ್ಮೆಯಂಥ ನುಣುಪು. ತಾತ ಅದರ ಮೇಲೆ ಕ್ಷೌರದ ಕತ್ತಿಯನ್ನೂ, ಉಳಿ ಬಾಚಿಗಳ ಕೊನೆಯ ಮಸೆತವನ್ನೂ ಹೊರತು ಬೇರೇನನ್ನೂ ಉಜ್ಜಗೊಡುತ್ತಿರಲಿಲ್ಲ. ಕುಡುಗೋಲಿಗೆ ಬೇರೆ ಒರಟು ಕಲ್ಲು ಇದ್ದಿತು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ನನಗೆ ಆ ಕಲ್ಲಿನ ಮೇಲೆ ಅಕ್ಕರೆ ಹುಟ್ಟಿತು. ಅಕ್ಕರೆಯ ಜೊತೆಗೆ ಅರಿವೂ ಹುಟ್ಟಿದ್ದರೆ ಚೆನ್ನಾಗಿತ್ತು! ಮಸೆಗಲ್ಲು ಯಾವಾಗಲೂ ನೀರು ಕುಡಿದಿರಬೇಕೆಂದು ಯಾರೋ ಹೇಳಿದ ಮಾತನ್ನು ನಂಬಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿ ಮಳೆಗಾಲ ಪೂರ್ತಿ ಇಟ್ಟೆ. ಬಟ್ಟೆ ಮುಗ್ಗು ಹಿಡಿಯಿತೆಂದು ಚೈತ್ರದಲ್ಲಿ ಕಲ್ಲನ್ನು ತೆಗೆದು ತಾರಸಿಯ ಗೋಡೆಯ ಮೇಲೆ ಬಿಸಿಲಿಗೆ ಒಣಗಹಾಕಿದೆ. ಮೂರನೆಯ ದಿನ ಕೈಗೆತ್ತಿಕೊಂಡಾಗ ಅದು ಪುಸ್ತಕದ ಹಾಳೆ ಬಿಚ್ಚಿದಂತೆ ಎರಡು ಹೋಳಾಗಿ ತೆರೆದುಕೊಂಡಿತು. ಒಳಮೈಯಲ್ಲಿ ಅಲ್ಲಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಕಲ್ಲಿಗೆ ತುಕ್ಕೆ? ಆ ಪ್ರಶ್ನೆಯ ಬೆನ್ನು ಹತ್ತಿ, ಕನ್ನಡ ಪಾಠ ಹೇಳುವ ನಾನು ಭೂವಿಜ್ಞಾನದ ಪುಸ್ತಕಗಳನ್ನು ತೆರೆಯಬೇಕಾಯಿತು.

ಮೊದಲು ನಮ್ಮ ಬೆಟ್ಟಗಳ ಸಂಗತಿಯನ್ನು ನೋಡೋಣ. ಕೊರಟಗೆರೆ, ಮಧುಗಿರಿ, ಪಾವಗಡಗಳ ಬೋಳು ಬಂಡೆಗಳು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಶಿಲಾಸಾಲಿಗೆ ಸೇರಿದವು. ಕ್ಲೋಸ್‌ಪೇಟೆ ಎಂದರೆ ಬೇರೆ ಯಾವುದೂ ಅಲ್ಲ, ಇಂದಿನ ರಾಮನಗರ. ಟಿಪ್ಪುವಿನ ಪತನಾನಂತರ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರು ಆ ಊರಿಗೆ ಅಂಟಿ, ಊರಿನಿಂದ ಕಲ್ಲಿಗೆ ದಾಟಿತು. ಊರು ಹೆಸರನ್ನು ಕಳಚಿಕೊಂಡಿತು, ಕಲ್ಲು ಕಳಚಿಕೊಳ್ಳಲಿಲ್ಲ. ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರು ಉದ್ದ, ಸುಮಾರು 20 ಕಿಲೋಮೀಟರು ಅಗಲ ಚಾಚಿರುವ ಈ ಸಾಲು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿದ ಶಿಲಾರಸವು ನಿಧಾನವಾಗಿ ಆರಿ ಹೆಪ್ಪುಗಟ್ಟಿದ್ದರಿಂದ ಆದುದು. ಈ ‘ನಿಧಾನವಾಗಿ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಪಾಕ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ಹರಳು ದೊಡ್ಡದಾಗುವಂತೆ, ನಿಧಾನವಾಗಿ ಆರಿದ ಶಿಲೆಯ ಹರಳೂ ದೊಡ್ಡದಾಗುತ್ತದೆ. ಮಧುಗಿರಿಯ ಕಲ್ಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ನಸುಗೆಂಪು ಹರಳುಗಳನ್ನು ಬರಿಗಣ್ಣಿನಿಂದಲೇ ಕಾಣಬಹುದು. ಅದು ಫೆಲ್ಡ್‌ಸ್ಪಾರ್ ಎಂಬ ಖನಿಜ. ಅದರ ನಡುವೆ ಗಾಜಿನಂತೆ ಹೊಳೆಯುವುದು ಬೆಣಚು. ಕಪ್ಪಗೆ ಮಿನುಗುವ ರೇಕು ಕಾಗೆಬಂಗಾರದ ಜಾತಿಯದು.

ಖನಿಜಗಳ ಗಡಸುತನವನ್ನು ಅಳೆಯಲು ಜರ್ಮನಿಯ ಫ್ರೀಡ್ರಿಶ್ ಮೋಸ್ 1812ರಲ್ಲಿ ಒಂದರಿಂದ ಹತ್ತರವರೆಗಿನ ಒಂದು ಅಳತೆಗೋಲನ್ನು ಏರ್ಪಡಿಸಿದನು. ಬಳಪದ ಕಲ್ಲಿನ ಮುಖ್ಯ ಖನಿಜ ಅದರಲ್ಲಿ ಒಂದು, ವಜ್ರ ಹತ್ತು. ಬೆಣಚು ಏಳು, ಫೆಲ್ಡ್‌ಸ್ಪಾರ್ ಆರು, ಕಪ್ಪು ಕಾಗೆಬಂಗಾರ ಮೂರರೊಳಗೆ. ಚೆನ್ನಾಗಿ ಹದಗೊಳಿಸಿದ ಉಕ್ಕು ಆರೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂದಮೇಲೆ ನಮ್ಮ ಬೆಟ್ಟದ ಕಲ್ಲಿನ ಮೇಲೆ ಕತ್ತಿಯನ್ನು ಉಜ್ಜಿದಾಗ ಆಗುವುದೇನು? ಬೆಣಚಿನ ಹರಳು ಉಕ್ಕನ್ನು ಗೀರುತ್ತದೆ. ಪಕ್ಕದ ಫೆಲ್ಡ್‌ಸ್ಪಾರ್ ಜಾರಿಸುತ್ತದೆ. ಕಾಗೆಬಂಗಾರ ತಾನೇ ಕಿತ್ತು ಗುಳಿ ಬೀಳುತ್ತದೆ. ಒಂದೇ ಎಳೆತದಲ್ಲಿ ಅಲಗು ಮೂರು ಬಗೆಯ ಉಪಚಾರ ಪಡೆದು ಗರಗಸದ ಹಲ್ಲಿನಂತಾಗುತ್ತದೆ. ಹುಲ್ಲು ಕೊಯ್ಯುವ ಕುಡುಗೋಲಿಗೆ ಇದು ಸಾಕು. ಎಷ್ಟೋ ವೇಳೆ ಒಳ್ಳೆಯದೂ ಹೌದು. ಬಾವಿಯ ದಡದ ಬಂಡೆಯ ಮೇಲೆ, ಹೊಲದ ಬದುವಿನ ಗುಂಡಿನ ಮೇಲೆ ತಲೆಮಾರುಗಳ ಕುಡುಗೋಲು ಉಜ್ಜಿ ಉಜ್ಜಿ ದೋಣಿಯಂತೆ ಸವೆದ ಗುಳಿಗಳನ್ನು ನಮ್ಮ ಹಳ್ಳಿಗಳಲ್ಲಿ ನೋಡಬಹುದು. ಕ್ಷೌರದ ಕತ್ತಿಯನ್ನು ಮಾತ್ರ ಅಲ್ಲಿಗೆ ಒಯ್ಯುವವನು ಇಲ್ಲ.

ಒಳ್ಳೆಯ ಮಸೆಗಲ್ಲಿನ ಗುಣವೇ ಬೇರೆ. ಅದರ ಕಣಗಳೆಲ್ಲ ಒಂದೇ ಗಾತ್ರದವಾಗಿರಬೇಕು, ಉಕ್ಕಿಗಿಂತ ಗಡಸಾಗಿರಬೇಕು. ಅವನ್ನು ಹಿಡಿದಿಟ್ಟ ಬಂಧವು ಮಾತ್ರ ಅತಿ ಬಿಗಿಯೂ ಆಗಿರಬಾರದು, ಅತಿ ಸಡಿಲವೂ ಆಗಿರಬಾರದು. ಮೊಂಡಾದ ಕಣ ಉದುರಿ, ಕೆಳಗಿನ ಹೊಸ ಕಣ ಮೊನೆ ತೋರುತ್ತಿದ್ದರೆ ತಾನೆ ಕಲ್ಲು ‘ಕಚ್ಚು’ವುದು? ಬಂಧ ಅತಿ ಬಿಗಿಯಾದರೆ ಕಲ್ಲು ಕನ್ನಡಿಯಂತೆ ಹೊಳಪೇರಿ ಸುಮ್ಮನಾಗುತ್ತದೆ. ಸಡಿಲವಾದರೆ ಕತ್ತಿಗಿಂತ ಮೊದಲು ಕಲ್ಲೇ ಸವೆಯುತ್ತದೆ. ಮರಳು ನೀರಿನಡಿಯಲ್ಲಿ ಪದರಪದರವಾಗಿ ಕೂತು ಗಟ್ಟಿಯಾದ ಮರಳುಗಲ್ಲು ಈ ಕೆಲಸಕ್ಕೆ ಸಹಜವಾಗಿ ಒದಗುತ್ತದೆ. ಬಾಗಲಕೋಟೆ-ಬಾದಾಮಿಯ ಕಡೆಯವರಿಗೆ ಅದು ಕಾಲಡಿಯಲ್ಲೇ ಉಂಟು. ಪೂರ್ವಕ್ಕೆ ಆಂಧ್ರದ ಕಡಪದ ಸೀಮೆಯಲ್ಲಿ ಉಂಟು. ನಡುವೆ ಸಿಕ್ಕ ನಮಗೆ ಇಲ್ಲ.

ಕಲ್ಲಿನ ಬಂಡೆಗಳನ್ನು ಸೀಳಿಕೊಂಡು ಹೋದ ಕರಿಯ ಕಲ್ಲಿನ ಗೋಡೆಗಳು ಈ ಸೀಮೆಯಲ್ಲಿ ಕಾಣುತ್ತವೆ. ಅದು ಡಾಲರೈಟ್. ನುಣುಪಾದ ಕಣವೇ ಆದರೂ ಅದರಲ್ಲಿ ಬೆಣಚು ಇಲ್ಲವೆನ್ನುವಷ್ಟು ಕಡಿಮೆ. ಗಡಸುತನ ಐದು-ಆರರ ಮಟ್ಟದ್ದು. ಆದಕಾರಣ ಅದು ಉಕ್ಕನ್ನು ಮಸೆಯಲಾರದು. ವಿನೋದವೇನೆಂದರೆ ಲೋಹವನ್ನು ಕಾಣದ ಕಾಲದಲ್ಲಿ ಇದೇ ಕಲ್ಲು ಆಯುಧವಾಗಿತ್ತು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಡಾಲರೈಟಿನಿಂದ ಕೊಡಲಿಗಳನ್ನು ಮಾಡಿ, ಗ್ರಾನೈಟಿನ ಬಂಡೆಯ ಮೇಲೆ ಉಜ್ಜಿ ನಯಗೊಳಿಸಿದರು. ಆ ಉಜ್ಜುಗುಳಿಗಳು ಇಂದಿಗೂ ಅಲ್ಲಿವೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಳ್ಳಾರಿ ಸೀಮೆಯಿಂದ ಇಂಥ ಕೊಡಲಿಗಳನ್ನು ಆಯ್ದು ಸಂಗ್ರಹಿಸಿದ್ದನು. ಡಾಲರೈಟನ್ನು ಮಸೆಯಲು ಗ್ರಾನೈಟು ಸಾಕಾಗಿತ್ತು. ಉಕ್ಕು ಬಂದಮೇಲೆ ತೊಡಕು ಬಂದಿತು.

ಉಕ್ಕು ನಮ್ಮಲ್ಲಿ ಹೊರಗಿನಿಂದ ಬಂದ ಸರಕಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ನಾಡು ಸುತ್ತಿದ ಫ್ರಾನ್ಸಿಸ್ ಬುಕಾನನ್, 1800ರಲ್ಲಿ ಮಧುಗಿರಿಯ ಕಡೆ ಬಂದಿದ್ದನು. ಮಧುಗಿರಿ, ಚನ್ನರಾಯನದುರ್ಗಗಳಲ್ಲಿ ಮಳೆಗಾಲದ ತೊರೆಗಳು ಬಂಡೆಗಳ ಮೇಲಿಂದ ಹೊತ್ತು ತರುವ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ಮಾಡುತ್ತಿದ್ದರೆಂದು ಅವನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಆ ಕಪ್ಪು ಮರಳು ಮ್ಯಾಗ್ನೆಟೈಟ್, ಎಂದರೆ ಸೂಜಿಗಲ್ಲಿನ ಖನಿಜ. ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿ ತಂಗಡಿಯ ಕಡ್ಡಿ ಮತ್ತು ಹಸಿರೆಲೆಗಳೊಡನೆ ಇಟ್ಟು, ಬಾಯಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಇಂದು ನಮ್ಮ ಹುಡುಗರು ಕಾಗದದಡಿಯಲ್ಲಿ ಅಯಸ್ಕಾಂತ ಹಿಡಿದು ಕುಣಿಸುವ ಮರಳು ಇದೇ. ಇಷ್ಟು ಗಡಸಾದ ಉಕ್ಕನ್ನು ಮಾಡಿದವರಿಗೆ ಅದಕ್ಕೆ ಬಾಯಿ ಕಟ್ಟಲು ತಕ್ಕ ಕಲ್ಲೂ ಬೇಕಾಗಿತ್ತಲ್ಲವೆ?

ಆ ಕಲ್ಲಿನ ಒಂದು ನೆಲೆ ಶಿರಾ ತಾಲ್ಲೂಕಿನ ಪಶ್ಚಿಮದ ಅಂಚು. ಬುಕ್ಕಾಪಟ್ಟಣದ ಗುಡ್ಡಗಳನ್ನು ಏರಿದವರಿಗೆ ನೆಲದ ಬಣ್ಣವೇ ಬದಲಾದದ್ದು ಕಾಣುತ್ತದೆ. 2019ರಲ್ಲಿ ಚಿಂಕಾರಗಳಿಗಾಗಿ ವನ್ಯಧಾಮವೆಂದು ಘೋಷಿತವಾದುದು ಈ ಪ್ರದೇಶವೇ. ಇಲ್ಲಿ ಗ್ರಾನೈಟು ಮುಗಿದು ಚಿತ್ರದುರ್ಗದ ಶಿಲಾಪಟ್ಟಿ ಆರಂಭವಾಗುತ್ತದೆ. ಫೂಟ್ ‘ಧಾರವಾಡ ಶಿಲೆಗಳು’ ಎಂದು ಹೆಸರಿಟ್ಟ ವರ್ಗ ಇದು. ಪ್ರಾಚೀನ ಸಮುದ್ರದ ತಳದಲ್ಲಿ ಕೂತ ಕೆಸರು, ಮರಳು, ಜ್ವಾಲಾಮುಖಿಗಳ ಬೂದಿ ಇವೆಲ್ಲ ಒತ್ತಡಕ್ಕೂ ಕಾವಿಗೂ ಸಿಕ್ಕಿ ರೂಪಾಂತರ ಹೊಂದಿದವು. ಕೆಸರು ಪದರಗಲ್ಲಾಯಿತು, ಮರಳು ಕ್ವಾರ್ಟ್ಜೈಟ್ ಆಯಿತು, ಬೆಣಚೂ ಕಬ್ಬಿಣವೂ ಗೆರೆಗೆರೆಯಾಗಿ ಕೂತು ಪಟ್ಟೆಯ ಕಬ್ಬಿಣಗಲ್ಲಾಯಿತು. ಅಜ್ಜನಹಳ್ಳಿಯಲ್ಲಿ ಚಿನ್ನ ಸಿಕ್ಕಿದುದು ಅಂಥ ಪಟ್ಟೆಗಲ್ಲಿನಲ್ಲಿಯೇ. ಚಿನ್ನದ ಸುದ್ದಿ ಪತ್ರಿಕೆಗೆ ಬರುತ್ತದೆ. ಅದೇ ಗುಡ್ಡದ ಮಸೆಗಲ್ಲಿನ ಸುದ್ದಿ ಬರುವುದಿಲ್ಲ!

ನನ್ನ ತಾತನ ಕಲ್ಲು ಇಂಥ ಪದರಗಲ್ಲಿನ ತುಂಡೆಂಬುದು ಅದರ ಒಡೆದ ಮೈಯನ್ನು ನೋಡಿದರೆ ಸ್ಪಷ್ಟ. ಫಿಲ್ಲೈಟ್ ಎಂದು ಇದರ ಹೆಸರು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಣಚಿನ ಕಣಗಳು ಅದರಲ್ಲಿ ಕೆಲಸಗಾರರು. ಅವುಗಳ ನಡುವೆ ಎಲೆಯಂತೆ ಮಲಗಿದ ಅಭ್ರಕವೂ ಕ್ಲೋರೈಟೂ ಹಾಸಿಗೆ. ಹಸುರು ಬಣ್ಣ ಕ್ಲೋರೈಟಿನದು, ರೇಷ್ಮೆಯ ಹೊಳಪು ಅಭ್ರಕದ್ದು. ಎಲೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುವುದರಿಂದಲೇ ಕಲ್ಲು ಆ ದಿಕ್ಕಿನಲ್ಲಿ ಸುಲಭವಾಗಿ ಸೀಳುತ್ತದೆ. ನಾನು ಒದ್ದೆ ಬಟ್ಟೆ ಸುತ್ತಿದ ತಿಂಗಳುಗಳಲ್ಲಿ ನೀರು ಅಂಚಿನಿಂದ ಎಲೆಗಳ ನಡುವೆ ಇಳಿಯಿತು. ಒಳಗೆ ಸಾಸಿವೆಗಿಂತ ಸಣ್ಣದಾದ ಪೈರೈಟಿನ ಹರಳುಗಳಿದ್ದವು. ಕಬ್ಬಿಣ ಗಂಧಕಗಳು ಕೂಡಿದ ಹೊಂಬಣ್ಣದ ಖನಿಜ ಅದು. ನೀರೂ ಗಾಳಿಯೂ ತಾಗಿದರೆ ಪೈರೈಟು ಕೊಳೆತು ತುಕ್ಕಾಗಿ ಉಬ್ಬುತ್ತದೆ, ಗಂಧಕಾಮ್ಲವನ್ನೂ ಬಿಡುತ್ತದೆ. ಬೆಣೆ ಹೊಡೆಯುವುದಕ್ಕೆ ಇನ್ನೇನು ಬೇಕು? ಚೈತ್ರದ ಬಿಸಿಲು ಕೊನೆಯ ಪೆಟ್ಟು ಕೊಟ್ಟಿತು. ಬಿಸಿಲಿನ ಮೇಲೆ ತಪ್ಪು ಹೊರಿಸಲಾರೆ.

ಆದ್ದರಿಂದ ಕಲ್ಲನ್ನು ಇಡುವ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಎಲ್ಲ ಕಲ್ಲಿಗೂ ಒಂದೇ ಉಪಚಾರ ಸಲ್ಲದು. ಮೊದಲು ಅದರ ಜಾತಿಯನ್ನು ತಿಳಿಯಬೇಕು. ಒಂದು ತೊಟ್ಟು ನೀರು ಬಿಟ್ಟು ನೋಡಿ: ಕೂಡಲೆ ಹೀರಿದರೆ ರಂಧ್ರಮಯವಾದ ಕಲ್ಲು, ಮುತ್ತಿನಂತೆ ನಿಂತರೆ ಬಿಗಿಯಾದದ್ದು. ಒಂದು ಹನಿ ನಿಂಬೆಯ ರಸ ಬಿಟ್ಟಾಗ ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶ ಉಂಟು. ಅದು ಉಕ್ಕಿಗೆ ಒದಗದ ಮೆದುಕಲ್ಲು. ಬೆರಳಿನಿಂದ ತಟ್ಟಿದರೆ ಗಟ್ಟಿ ಕಲ್ಲು ಕಂಚಿನಂತೆ ನುಡಿಯುತ್ತದೆ. ಒಳಬಿರುಕು ಇದ್ದರೆ ಒಡಕು ಮಡಕೆಯ ಸದ್ದು ಬರುತ್ತದೆ. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಪದರಗೆರೆಗಳು ಕಂಡರೆ ಆ ಕಲ್ಲಿನ ವಿಷಯದಲ್ಲಿ ಎಚ್ಚರವಿರಲಿ.

ಪದರಗಲ್ಲನ್ನು ನೀರಿನಲ್ಲಿ ನೆನೆಹಾಕಲೇಬಾರದು. ಬಳಸುವಾಗ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಸಾಕು. ಕೆಲಸ ಮುಗಿದಮೇಲೆ ಮೇಲಿನ ರಾಡಿಯನ್ನು ತೊಳೆದು, ಒರಸಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಮೆಲ್ಲಮೆಲ್ಲನೆ ಆರಲು ಬಿಡಬೇಕು. ರಾಡಿಯಲ್ಲಿ ಉಕ್ಕಿನ ಪುಡಿ ಇರುವುದರಿಂದ ತೊಳೆಯದೆ ಬಿಟ್ಟರೆ ಅದೂ ತುಕ್ಕಾಗಿ ರಂಧ್ರಗಳನ್ನು ಕಟ್ಟುತ್ತದೆ. ಜಪಾನಿನ ಕ್ಯೋಟೋ ನಗರದ ಹೊರವಲಯದ ಗುಡ್ಡಗಳಿಂದ ತೆಗೆದ ನುಣುಪಾದ ಮಸೆಗಲ್ಲುಗಳಿಗೆ ಲೋಕದಲ್ಲಿ ದೊಡ್ಡ ಹೆಸರು. ಅವೂ ನಮ್ಮ ಪದರಗಲ್ಲಿನ ಬಂಧುಗಳೇ, ನೀರಿನ ತಳದ ಕೆಸರಿನಿಂದ ಆದವು. ಅಲ್ಲಿಯ ಬಡಗಿಗಳು ಕಲ್ಲಿನ ನಾಲ್ಕು ಮಗ್ಗುಲಿಗೂ ಅರಗಿನಂಥ ಲೇಪ ಬಳಿದು, ಮೇಲ್ಮೈಯನ್ನು ಮಾತ್ರ ತೆರೆದಿಡುತ್ತಾರೆ. ಅಂಚಿನಿಂದ ನೀರು ಇಳಿಯದಿರಲೆಂದು ಈ ಉಪಾಯ. ಅವರಿಗೆ ಹಿಮದ ಭಯ: ಒಳಗಿಳಿದ ನೀರು ಹೆಪ್ಪುಗಟ್ಟಿ ಕಲ್ಲನ್ನು ಸೀಳೀತೆಂದು. ಪಾವಗಡದಲ್ಲಿ ಹಿಮವೆಲ್ಲಿಯದು? ನಮ್ಮ ಭಯ ಬಿಸಿಲಿನದು. ಆದರೂ ಔಷಧ ಒಂದೇ. ಬಾಗಿಲಿಗೆ ಬಳಿದು ಮಿಕ್ಕ ವಾರ್ನಿಷು ಇದಕ್ಕೆ ಧಾರಾಳವಾಗಿ ಸಾಕು.

ಎಣ್ಣೆ ಕುಡಿಸಿದ ಕಲ್ಲಿಗೆ ಬೇರೆ ಪಥ್ಯ. ಒಮ್ಮೆ ಎಣ್ಣೆ ಕಂಡ ಕಲ್ಲು ಮತ್ತೆ ನೀರಿನ ಕಲ್ಲಾಗುವುದು ಕಷ್ಟ, ಮೊದಲೇ ನಿಶ್ಚಯಿಸಿಕೊಳ್ಳಬೇಕು. ಅಗಸೆಯೆಣ್ಣೆ ಗಾಳಿಗೆ ಒಣಗಿ ಅಂಟಿನಂತೆ ಗಟ್ಟಿಯಾಗುವುದರಿಂದ ಅದನ್ನು ಮುಟ್ಟಲೇಬಾರದು. ನಮ್ಮ ಸೀಮೆಯ ಕಡಲೆಕಾಯಿ ಎಣ್ಣೆಯೂ ಬಹುಕಾಲ ನಿಂತರೆ ಜಿಗುಟಾಗುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳುವಾದ ಎಣ್ಣೆ ವಾಸಿ. ಜಿಗುಟು ಹಿಡಿದ ಕಲ್ಲನ್ನು ಸೀಗೆಪುಡಿಯಿಂದಾಗಲಿ ಸಾಬೂನಿನಿಂದಾಗಲಿ ಬಿಸಿನೀರಲ್ಲಿ ಉಜ್ಜಬಹುದು, ಆದರೆ ಕುದಿಯುವ ನೀರನ್ನು ತಣ್ಣಗಿನ ಕಲ್ಲಿನ ಮೇಲೆ ಸುರಿಯಬಾರದು. ಕಲ್ಲಿಗೆ ಮರದ ಪೆಟ್ಟಿಗೆ ಒಳ್ಳೆಯದು, ತಗಡಿನ ಡಬ್ಬಿ ಒಳ್ಳೆಯದಲ್ಲ. ಒಂದರ ಮೇಲೊಂದು ಪೇರಿಸಿಟ್ಟರೆ ಒರಟು ಕಲ್ಲಿನ ಕಣ ನುಣುಪು ಕಲ್ಲಿನ ಮೈಗೆ ಅಂಟಿ, ಮುಂದೆ ಕತ್ತಿಯ ಬಾಯಿಗೆ ಗೀರು ಹಾಕುತ್ತದೆ. ಪೆಟ್ಟಿಗೆಯೊಳಗೆ ಒಂದು ಚೀಟಿ ಇಡುವುದು ನನ್ನ ಹೊಸ ಪದ್ಧತಿ: ಕಲ್ಲು ಎಲ್ಲಿಯದು, ನೀರಿನದೋ ಎಣ್ಣೆಯದೋ, ಯಾವ ಆಯುಧಕ್ಕೆ ಎಂದು. ತಾತ ಇಂಥ ಚೀಟಿ ಬರೆದಿಟ್ಟಿದ್ದರೆ ಈ ಲೇಖನದ ಪ್ರಮೇಯವೇ ಬರುತ್ತಿರಲಿಲ್ಲ.

ಬಳಸಿದಂತೆಲ್ಲ ಕಲ್ಲಿನ ನಡು ತಗ್ಗಾಗುವುದು ಸಹಜ. ತಗ್ಗಾದ ಕಲ್ಲಿನಲ್ಲಿ ಉಳಿಯ ಬಾಯಿ ನೇರ ನಿಲ್ಲದು. ಇಲ್ಲಿ ನಮ್ಮ ಗ್ರಾನೈಟಿಗೆ ಅದರ ಮರ್ಯಾದೆ ಸಲ್ಲುತ್ತದೆ! ಯಂತ್ರದಲ್ಲಿ ಕೊಯ್ದ ಮಟ್ಟಸವಾದ ಹಾಸುಗಲ್ಲಿನ ಮೇಲೆ ಸೋಸಿದ ಮರಳನ್ನು ಹರಡಿ, ನೀರು ಚಿಮುಕಿಸಿ, ಮಸೆಗಲ್ಲನ್ನು ಬೋರಲು ಹಾಕಿ ಎಂಟರ ಆಕಾರದಲ್ಲಿ ಆಡಿಸಿದರೆ ಕಾಲು ಗಂಟೆಯಲ್ಲಿ ಮುಖ ನೇರವಾಗುತ್ತದೆ.

ಈ ಕೆಲಸವನ್ನು ಒದ್ದೆಯಾಗಿಯೇ ಮಾಡತಕ್ಕದ್ದು. ಇದನ್ನು ನಾನು ಒತ್ತಿ ಹೇಳಲು ಕಾರಣವುಂಟು. ಬೆಣಚಿನ ಒಣ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನೆಲೆಸುತ್ತದೆ. ಅಲ್ಲಿ ಗಾಯದ ಕಲೆಯಂಥ ಗಂಟುಗಳೆದ್ದು, ವರ್ಷಗಳ ಮೇಲೆ ಏದುಸಿರು ಹತ್ತುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಸಾಣೆಯವರು ಹತ್ತೊಂಬತ್ತನೆಯ ಶತಮಾನದಲ್ಲಿ ‘ಸಾಣೆಯವರ ಉಬ್ಬಸ’ ಎಂದೇ ಕರೆಯುತ್ತಿದ್ದರು. ಮರಳುಗಲ್ಲಿನ ಚಕ್ರಕ್ಕೆ ನೀರು ಬಿಡದೆ ಮಸೆಯುತ್ತಿದ್ದವರು ಎಳೆಯ ವಯಸ್ಸಿನಲ್ಲೇ ಸಾಯುತ್ತಿದ್ದರು. ಭಾರತದಲ್ಲಿ ಈ ರೋಗ ಮೊದಲು ವರದಿಯಾದುದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಗಳಿಂದ. ಬಂಡೆ ಕೊರೆಯುವವರೂ, ಕಲ್ಲುಕುಟಿಗರೂ ಇಂದಿಗೂ ಅದೇ ಧೂಳಿನಲ್ಲಿ ದುಡಿಯುತ್ತಾರೆ. ಮೂಗಿಗೆ ಸುತ್ತಿದ ಟವಲು ಆ ಸಣ್ಣ ಧೂಳನ್ನು ತಡೆಯಲಾರದು. ಧೂಳು ಏಳುವ ಮೊದಲೇ ಅದರ ಮೇಲೆ ಬಿದ್ದ ನೀರು ತಡೆಯುತ್ತದೆ. ಬೇಸಗೆಯಲ್ಲಿ ಕುಡಿಯುವ ನೀರಿಗೇ ಪಾಡುಪಡುವ ಪಾವಗಡದಲ್ಲಿ ಇದು ಹೇಳಿದಷ್ಟು ಸುಲಭವಲ್ಲವೆಂಬುದನ್ನು ನಾನು ಬಲ್ಲೆ.

ಇನ್ನು ಸಾಣೆಯ ಚಕ್ರ. ‘ಸಾಣೆ’ ಎಂಬುದು ಸಂಸ್ಕೃತದ ‘ಶಾಣ’ದಿಂದ ಬಂದ ಮಾತು, ‘ಮಸೆ’ ನಮ್ಮದೇ. ಹಗೆ ಸಾಧಿಸುವವನು ಕತ್ತಿ ಮಸೆಯುತ್ತಾನೆ, ಹಲ್ಲು ಮಸೆಯುತ್ತಾನೆ. ಸಾಣೆ ಹಿಡಿಸಿಕೊಳ್ಳುವುದು ಬುದ್ಧಿ. ಭಾಷೆಯೇ ಒಂದಕ್ಕೆ ದ್ವೇಷವನ್ನೂ ಮತ್ತೊಂದಕ್ಕೆ ಪಾಂಡಿತ್ಯವನ್ನೂ ಹಂಚಿಕೊಟ್ಟಿದೆ. ಹಿಂದೆ ನಮ್ಮ ದೇಶದ ಸಾಣೆಚಕ್ರಗಳನ್ನು ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಎರಕ ಹೊಯ್ದು ಮಾಡುತ್ತಿದ್ದರು. ಮೋಸ್‌ನ ಅಳತೆಯಲ್ಲಿ ಕುರುಂದ ಒಂಬತ್ತು. ವಜ್ರವನ್ನು ಬಿಟ್ಟರೆ ಪ್ರಕೃತಿಯ ಸಾಮಾನ್ಯ ಖನಿಜಗಳಲ್ಲಿ ಅದಕ್ಕೆ ಮಿಗಿಲಾದುದಿಲ್ಲ. ಕೆಂಪೂ ನೀಲವೂ ಅದೇ ಕುರುಂದದ ಶುದ್ಧ ರೂಪಗಳು. ಹಳೆಯ ಮೈಸೂರು ಸೀಮೆಯಲ್ಲಿ ಹಾಸನ, ಮೈಸೂರು, ತುಮಕೂರು ಜಿಲ್ಲೆಗಳ ಹೊಲಗಳಲ್ಲಿ ಪೀಪಾಯಿಯ ಆಕಾರದ ಮಂಕು ಹರಳುಗಳನ್ನು ಆಯುತ್ತಿದ್ದರು. ಇಂಗ್ಲಿಷಿನವರ ‘ಕೊರಂಡಮ್’ ತಮಿಳಿನ ಕುರುಂದದಿಂದ ಹೋದುದು. 1891ರಲ್ಲಿ ಅಮೆರಿಕೆಯ ಎಡ್ವರ್ಡ್ ಆಚೆಸನ್ ವಿದ್ಯುತ್ಕುಲುಮೆಯಲ್ಲಿ ಅದಕ್ಕಿಂತ ಗಡಸಾದ ಕೃತಕ ಪುಡಿಯನ್ನು ಮಾಡಿದಾಗ ‘ಕಾರ್ಬೊರಂಡಮ್’ ಎಂಬ ಹೆಸರಿನಲ್ಲಿ ನಮ್ಮ ಕುರುಂದವನ್ನೂ ಸೇರಿಸಿಕೊಂಡನು. ಅಲ್ಲಿಂದ ಮುಂದೆ ನೈಸರ್ಗಿಕ ಕಲ್ಲಿನ ವ್ಯಾಪಾರ ಇಳಿಯುತ್ತ ಬಂದಿತು. ಸೈಕಲ್ಲಿನ ಮೇಲೆ ಚಕ್ರ ಕಟ್ಟಿಕೊಂಡು ಬೀದಿಗೆ ಬರುವ ಸಾಣೆಯವನ ಚಕ್ರವೂ ಕೃತಕವಾದುದೇ.

ಕೃತಕ ಕಲ್ಲನ್ನು ನಾನು ಹಳಿಯುವುದಿಲ್ಲ. ಅದು ಅಗ್ಗ, ಸಮ, ಬೇಗ ಕಚ್ಚುತ್ತದೆ. ಶಿರಾದ ಕಡೆಯ ಕುರಿಗಾರನಿಗೆ ಉಣ್ಣೆ ಕತ್ತರಿಸುವ ಕತ್ತರಿ ಮಸೆಯಲು ಅದು ಬೇಕಾದಷ್ಟಾಯಿತು. ಆದರೆ ಕೊನೆಯ ನಯಕ್ಕೆ ಇಂದಿಗೂ ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳ ಹಳದಿ ಕಲ್ಲನ್ನು, ಅಮೆರಿಕೆಯ ಆರ್ಕನ್ಸಾದ ಬಿಳಿಗಲ್ಲನ್ನು ಹುಡುಕಿ ಕೊಳ್ಳುವವರುಂಟು. ಮೊದಲನೆಯದರಲ್ಲಿ ಕೆಲಸ ಮಾಡುವುದು ಗಾರ್ನೆಟ್ಟಿನ ಸೂಕ್ಷ್ಮ ಹರಳು. ಎರಡನೆಯದು ಬಹುಪಾಲು ಬರಿಯ ಬೆಣಚು. ಕ್ರಿ.ಶ. 79ರಲ್ಲಿ ತೀರಿಕೊಂಡ ರೋಮಿನ ಪ್ಲಿನಿ, ಕ್ರೀಟ್ ದ್ವೀಪದ ಕಲ್ಲಿಗೆ ಎಣ್ಣೆ, ನಾಕ್ಸೊಸಿನ ಕಲ್ಲಿಗೆ ನೀರು ಎಂದು ವಿಂಗಡಿಸಿ, ಕ್ಷೌರದ ಅಂಗಡಿಯ ಕಲ್ಲಿಗೆ ಉಗುಳೇ ಸಾಕೆಂದೂ ಬರೆದಿದ್ದಾನೆ. ನಮ್ಮ ತಾತನೂ ಉಗುಳುತ್ತಿದ್ದರು. ಅಜ್ಜಿಗೆ ಅದು ಸೇರುತ್ತಿರಲಿಲ್ಲ.

ಒಡೆದ ಎರಡು ಹೋಳುಗಳಲ್ಲಿ ದಪ್ಪನಾದುದನ್ನು ಹಾಸುಗಲ್ಲಿನ ಮೇಲೆ ಉಜ್ಜಿ ಮಟ್ಟ ಮಾಡಿ, ಮಗ್ಗುಲಿಗೆ ವಾರ್ನಿಷು ಬಳಿದು, ಹಲಸಿನ ಮರದ ಪೆಟ್ಟಿಗೆಯಲ್ಲಿ ಚೀಟಿಯೊಡನೆ ಇಟ್ಟಿದ್ದೇನೆ. ಕತ್ತಿಗೆ ಇನ್ನೂ ಬಾಯಿ ಕೊಡುತ್ತದೆ. ತೆಳುವಾದ ಹೋಳು ಅಡಿಗೆಮನೆಯಲ್ಲಿ ಈಳಿಗೆಮಣೆಯ ಪಕ್ಕದಲ್ಲಿದೆ. ಅದರ ತುಕ್ಕಿನ ಚುಕ್ಕೆಗಳು ಕಳೆದ ಮಳೆಗಾಲದಿಂದ ದೊಡ್ಡದಾಗಿಲ್ಲ.